ನಾಲ್ಕು ದಿನ ರಜೆ, ನಾಲ್ಕು ಊರು: ಅಮೆರಿಕದ ಹಾಡು, ಊಟ, ಹಬ್ಬ ನೋಡಬೇಕಿದ್ದರೆ ಎಲ್ಲಿಗೆ ಹೋಗಬೇಕು?

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ನಯಾಗರ ಮುಗಿದಿದೆ, ಲಿಬರ್ಟಿ ಪ್ರತಿಮೆಯ ಮುಂದೆ ಫೋಟೋ ಆಗಿದೆ, ಔಟ್‌ಲೆಟ್ ಮಾಲ್‌ಗೆ ಎರಡು ಸಲ ಹೋಗಿಬಂದದ್ದೂ ಆಗಿದೆ. ಆಮೇಲೆ ಒಂದು ಸಂಜೆ ಅಪ್ಪ ಕೇಳುತ್ತಾರೆ: "ಎಲ್ಲಾ ಊರಲ್ಲೂ ಅದೇ ಅಂಗಡಿ, ಅದೇ ರಸ್ತೆ. ಇವರದ್ದು ಅಂತ ಬೇರೆ ಏನೂ ಇಲ್ವಾ?" ನಮ್ಮಪ್ಪ ಕೇಳಿದ್ದು ಇದನ್ನೇ. ಇದೆ ಅಂತ ತೋರಿಸಲು ನನಗೆ ಮೂರು ವರ್ಷ, ನಾಲ್ಕು ಪ್ರವಾಸ ಬೇಕಾಯಿತು.

ಈಗ ಸ್ನೇಹಿತರು, ಅವರ ಸ್ನೇಹಿತರು ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಲಾಂಗ್ ವೀಕೆಂಡ್ ಇದೆ, ನಾಲ್ಕು ದಿನ ಸಿಗುತ್ತದೆ. ನ್ಯೂ ಆರ್ಲಿಯನ್ಸಾ, ಶಿಕಾಗೊನಾ, ವಾಷಿಂಗ್ಟನ್ನಾ, ಸಾಂಟಾ ಫೆನಾ? ನ್ಯೂಯಾರ್ಕನ್ನು ಬೇಕಂತಲೇ ಬಿಟ್ಟಿದ್ದೇನೆ. ಅಲ್ಲಿಗೆ ಹೇಗೂ ಎಲ್ಲರೂ ಹೋಗುತ್ತಾರೆ, ಯಾರೂ ಸಲಹೆ ಕೇಳಿ ಹೋಗುವುದಿಲ್ಲ.

ಯಾವುದನ್ನು ನೋಡಿ ಅಳೆಯಬೇಕು?

ಎಲ್ಲ ಊರಿನವರೂ ತಮ್ಮದು ಸಂಸ್ಕೃತಿಯ ತವರು ಅಂತಲೇ ಬೋರ್ಡ್ ಹಾಕಿಕೊಳ್ಳುತ್ತಾರೆ. ಹಾಗಾಗಿ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ನಾಳೆ ಪ್ರವಾಸಿಗರೆಲ್ಲ ಗಂಟುಮೂಟೆ ಕಟ್ಟಿ ಹೊರಟುಹೋದರೂ ಆ ಊರಿನವರು ಆ ಕೆಲಸ ಮಾಡುತ್ತಲೇ ಇರುತ್ತಾರಾ? ಇರುತ್ತಾರೆ ಅಂದರೆ ಅದು ಅವರ ಬದುಕು. ಇಲ್ಲ ಅಂದರೆ ನಮಗಾಗಿ ಹಾಕಿದ ಅಂಗಡಿ. ಅಂಗಡಿ ಕೆಟ್ಟದ್ದು ಅಂತಲ್ಲ. ಯಾವುದು ಯಾವುದು ಅಂತ ಗೊತ್ತಿದ್ದು ಹೋದರೆ ಒಳ್ಳೆಯದು, ಅಲ್ವಾ?

ಉಳಿದವು ಸಂಸಾರಿಗಳ ಪ್ರಶ್ನೆಗಳು. ಕಾರಿಲ್ಲದೆ ಓಡಾಡಬಹುದಾ? ಮಾಂಸ ತಿನ್ನದವರಿಗೆ ಚಿಪ್ಸ್ ಬಿಟ್ಟು ಬೇರೇನಾದರೂ ಸಿಗುತ್ತದಾ? ಜೊತೆಗೆ ಬರುವವರ ಮೊಣಕಾಲು ಹೇಗಿದೆ? ಯಾವ ತಿಂಗಳು? ಖರ್ಚಿನ ವಿಷಯದಲ್ಲಿ ಒಂದು ಮಾತು. ಟಿಕೆಟ್ ದುಡ್ಡು ಬೇರೆ, ಹೋಟೆಲ್ ದುಡ್ಡು ಬೇರೆ. ಎಲ್ಲಾ ಫ್ರೀ ಅನ್ನುವ ಊರಲ್ಲೇ ರೂಮಿಗೆ ಜಾಸ್ತಿ ತೆತ್ತದ್ದುಂಟು ನಾನು.

ನ್ಯೂ ಆರ್ಲಿಯನ್ಸ್: ಬೀದಿಯೇ ರಂಗಮಂಟಪ

ನನ್ನ ಮೊದಲ ಪ್ರಶ್ನೆಗೆ ಎಲ್ಲರಿಗಿಂತ ಗಟ್ಟಿಯಾಗಿ 'ಹೌದು' ಅನ್ನುವ ಊರು ಇದು. 1718ರಲ್ಲಿ ಫ್ರೆಂಚರು ಕಟ್ಟಿದ್ದು. ಆಮೇಲೆ ಸುಮಾರು ನಾಲ್ಕು ದಶಕ ಸ್ಪೇನ್‌ನವರ ಕೈಯಲ್ಲಿತ್ತು. 1803ರಲ್ಲಿ ಇಡೀ ಲೂಸಿಯಾನಾ ಪ್ರಾಂತ್ಯವನ್ನು ಅಮೆರಿಕ ಒಂದೂವರೆ ಕೋಟಿ ಡಾಲರ್‌ಗೆ ಕೊಂಡಾಗ ಈ ಊರೂ ಜೊತೆಗೆ ಬಂತು. ತಮಾಷೆ ಏನೆಂದರೆ, ಫ್ರೆಂಚ್ ಕ್ವಾರ್ಟರ್ ಅಂತ ನಾವು ಫೋಟೋ ತೆಗೆಯುವ ಆ ಕಬ್ಬಿಣದ ಬಾಲ್ಕನಿಗಳ ಬೀದಿಯಲ್ಲಿ ಫ್ರೆಂಚರ ಕಾಲದ ಕಟ್ಟಡ ತೀರಾ ಕಡಿಮೆ. 1788 ಮತ್ತು 1794ರ ಬೆಂಕಿಯಲ್ಲಿ ಊರು ಸುಟ್ಟುಹೋಯಿತು. ಮತ್ತೆ ಕಟ್ಟಿದ್ದು ಸ್ಪೇನ್‌ನ ಆಡಳಿತದಲ್ಲಿ.

ಇದನ್ನೆಲ್ಲ ತಿಳಿದುಕೊಳ್ಳದೆಯೂ ಹೋಗಬಹುದು. ಆದರೆ ಭಾನುವಾರ ತಪ್ಪಿಸಬೇಡಿ. ಬೇಸಿಗೆಯ ಬಿಸಿ ತಿಂಗಳು ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಮಧ್ಯಾಹ್ನ ಯಾವುದೋ ಒಂದು ಕೇರಿಯಲ್ಲಿ 'ಸೆಕೆಂಡ್ ಲೈನ್' ಮೆರವಣಿಗೆ ಹೊರಡುತ್ತದೆ. ಕಪ್ಪು ಜನರ ಹಳೆಯ ಸಂಘಗಳು ನಡೆಸುವ ಮೆರವಣಿಗೆ ಇದು. ಕಾಯಿಲೆ ಬಿದ್ದವರಿಗೆ, ಸತ್ತವರ ಮಣ್ಣಿಗೆ ದುಡ್ಡು ಕೂಡಿಸಲು ಹುಟ್ಟಿದ ಸಂಘಗಳು. ಸಂಘದವರು ಮತ್ತು ಬ್ರಾಸ್ ಬ್ಯಾಂಡ್ ಮೊದಲ ಸಾಲು, ಹಿಂದೆ ಕುಣಿಯುತ್ತಾ ಬರುವ ಊರ ಜನ ಎರಡನೇ ಸಾಲು. ಯಾವ ವಾರ ಯಾವ ದಾರಿ ಅಂತ ಊರಿನ ರೇಡಿಯೋ ಸ್ಟೇಷನ್ ಡಬ್ಲ್ಯೂ ಡಬ್ಲ್ಯೂ ಓ ಝಡ್ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಟಿಕೆಟ್ ಇಲ್ಲ. ಹೋಗಿ ಸೇರಿಕೊಳ್ಳುವುದು ಅಷ್ಟೇ.

ನಾವು ಹೋದ ದಿನ ಟ್ರೆಮೆ ಅನ್ನುವ ಕೇರಿಯಲ್ಲಿತ್ತು. ಅಪ್ಪ ರಸ್ತೆ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ಟ್ಯೂಬಾ ಊದುವವನ ಕೆನ್ನೆ ಪಕ್ಕದಲ್ಲೇ ಹಾದುಹೋಯಿತು, ಎದೆಯೊಳಗೆ ನಡುಕ ಬರುವಷ್ಟು ಹತ್ತಿರ. ಸಂಘದವರದ್ದು ತಲೆಯಿಂದ ಕಾಲಿನವರೆಗೆ ಒಂದೇ ಕಿತ್ತಳೆ ಬಣ್ಣ, ಚಪ್ಪಟೆ ಟೋಪಿ, ಕೈಯಲ್ಲಿ ಗರಿಯ ಬೀಸಣಿಗೆ. ಅಪ್ಪ ಬೆವರು ಒರೆಸಲು ಕರವಸ್ತ್ರ ತೆಗೆದರು. ಅಲ್ಲಿ ಕುಣಿಯುವವರು ಕರವಸ್ತ್ರ ಬೀಸುವುದು ವಾಡಿಕೆ. ಪಕ್ಕದಲ್ಲಿದ್ದ ಅಜ್ಜಿ ಇವರೂ ತಯಾರು ಅಂದುಕೊಂಡು ತನ್ನದನ್ನೂ ತೆಗೆದು ಬೀಸಿದಳು. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಎರಡು ಬೀದಿ ಕುಣಿದರು! ನಮ್ಮ ಕಡೆ ಸಾವಿಗೆ ತಮಟೆ ಬಾರಿಸುತ್ತಾರೆ. ಇಲ್ಲೂ ಹೆಣದ ಜೊತೆ ಬ್ಯಾಂಡ್ ಹೋಗುತ್ತದೆ. ಸ್ಮಶಾನದವರೆಗೆ ನಿಧಾನದ ಹಾಡು, ಮುಗಿಸಿ ಹೊರಟ ಮೇಲೆ ಕುಣಿಯುವ ಹಾಡು. ಇದನ್ನು ಅಪ್ಪನಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ.

ಜಾಝ್‌ನ ಬೇರು ಹುಡುಕುವವರು ಲೂಯಿ ಆರ್ಮ್‌ಸ್ಟ್ರಾಂಗ್ ಪಾರ್ಕಿನೊಳಗಿನ ಕಾಂಗೋ ಸ್ಕ್ವೇರ್‌ನಲ್ಲಿ ಹತ್ತು ನಿಮಿಷ ನಿಲ್ಲಿ. ಗುಲಾಮರಿಗೆ ಭಾನುವಾರ ಸೇರಿ ಡೋಲು ಬಾರಿಸಲು, ಕುಣಿಯಲು ಬಿಡುತ್ತಿದ್ದ ಜಾಗ ಅದು. ಸಂಜೆಗೆ 1961ರಲ್ಲಿ ಶುರುವಾದ ಪ್ರಿಸರ್ವೇಶನ್ ಹಾಲ್ ಇದೆ. ಪುಟ್ಟ ಕೋಣೆ, ಮುಕ್ಕಾಲು ಗಂಟೆಯ ಕಛೇರಿ, ಮಕ್ಕಳಿಗೂ ಪ್ರವೇಶ. ಟಿಕೆಟ್ ಮುಂಚೆಯೇ ತೆಗೆಯಿರಿ. ಬರ್ಬನ್ ಸ್ಟ್ರೀಟ್ ಮಾತ್ರ ನನ್ನ ಅಳತೆಗೋಲಿನಲ್ಲಿ ಅಪ್ಪಟ ಅಂಗಡಿ. ಬಿಯರ್ ವಾಸನೆ, ಕಿವಿ ಹರಿಯುವ ಸದ್ದು. ಒಮ್ಮೆ ದಾಟಿ, ಹಾಡು ಕೇಳಲು ಫ್ರೆಂಚ್‌ಮೆನ್ ಸ್ಟ್ರೀಟ್‌ಗೆ ಹೋಗಿಬಿಡಿ.

ಇನ್ನು ಕಾಫಿ. ಅಮೆರಿಕಕ್ಕೆ ಬಂದ ಕನ್ನಡಿಗರಿಗೆಲ್ಲ ಇಲ್ಲಿನ ಕಾಫಿ ತೊಳೆದ ನೀರು ಅನ್ನಿಸುತ್ತದೆ, ಈ ಊರಲ್ಲಿ ಬಿಟ್ಟು. ಇಲ್ಲಿ ಚಿಕರಿ ಹಾಕುತ್ತಾರೆ! ಫ್ರೆಂಚರಿಂದ ಬಂದ ಅಭ್ಯಾಸ. ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಬೀಜಕ್ಕೆ ಬರ ಬಂದಾಗ ಗಟ್ಟಿಯಾಯಿತು. 1862ರಿಂದ ನಡೆಯುತ್ತಿರುವ ಕೆಫೆ ಡು ಮಾಂಡ್‌ನಲ್ಲಿ ಅರ್ಧ ಹಾಲು ಅರ್ಧ ಡಿಕಾಕ್ಷನ್ ಹಾಕಿದ ಬಿಸಿ ಕಾಫಿ ಕೊಡುತ್ತಾರೆ. ಜೊತೆಗೆ ಬೆನ್ಯೇ. ನಮ್ಮ ಮಂಗಳೂರು ಬನ್ಸ್‌ನ ದೂರದ ನೆಂಟ ಅನ್ನಬಹುದು, ಬಾಳೆಹಣ್ಣಿಲ್ಲ, ಮೇಲೆ ಒಂದು ಗುಡ್ಡೆ ಪುಡಿ ಸಕ್ಕರೆ. ತಿನ್ನುವಾಗ ಜೋರಾಗಿ ಉಸಿರು ಬಿಡಬೇಡಿ, ಶರ್ಟು ಬೆಳ್ಳಗಾಗುತ್ತದೆ. ಅಮ್ಮ ಒಂದು ಗುಟುಕು ಕುಡಿದು "ಎಂಬತ್ತು ಇಪ್ಪತ್ತಕ್ಕಿಂತ ಚಿಕರಿ ಸ್ವಲ್ಪ ಜಾಸ್ತಿಯೇ ಇದೆ" ಅಂದರು. ಬರುವಾಗ ಪುಡಿಯ ಡಬ್ಬ ಎರಡು ತಂದೆವು. ಸ್ಟೀಲ್ ಫಿಲ್ಟರ್‌ನಲ್ಲೇ ಹಾಕಬಹುದು, ಪುಡಿ ಸ್ವಲ್ಪ ದಪ್ಪವಾದ್ದರಿಂದ ಬೇಗ ಇಳಿಯುತ್ತದೆ.

ಕಷ್ಟಗಳೂ ಇವೆ. ಸಸ್ಯಾಹಾರಿಗಳಿಗೆ ನಾಲ್ಕೂ ಊರಲ್ಲಿ ಹೆಚ್ಚು ಎಡವುವ ಊರು ಇದೇ. ಸೋಮವಾರ ಮನೆಮನೆಯಲ್ಲೂ ಕೆಂಪು ಕಾಳು ಮತ್ತು ಅನ್ನ ಮಾಡುತ್ತಾರೆ. ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು, ಕಾಳು ತಾನೇ ಬೇಯುತ್ತಿರಲಿ ಅಂತ. ರಾಜ್ಮಾ ತರಹವೇ ಕಾಣುತ್ತದೆ ಅಂತ ನಂಬಿ ತರಿಸಿದೆ. ಎರಡನೇ ತುತ್ತಿಗೆ ಸಾಸೇಜ್ ಸಿಕ್ಕಿತು. "ಮಾಂಸ ಇಲ್ಲ ತಾನೇ?" ಅಂತ ಕೇಳಿಯೇ ತರಿಸಿದ್ದೆ. ಅವರ ಲೆಕ್ಕದಲ್ಲಿ ಅದು ಒಗ್ಗರಣೆ ಇದ್ದ ಹಾಗೆ. ಹಂದಿ, ಕೋಳಿ, ಸೀಗಡಿ, ಎಲುಬಿನ ಸಾರು ಅಂತ ಒಂದೊಂದೇ ಹೆಸರು ಹಿಡಿದು ಕೇಳಬೇಕು. ಮೀನು ತಿನ್ನುವವರಿಗೆ ಮಾತ್ರ ಸ್ವರ್ಗ.

ಮರದ ಬೇರು ಎಬ್ಬಿಸಿದ ಫುಟ್‌ಪಾತ್‌ಗಳು ಮೊಣಕಾಲು ನೋವಿನವರಿಗೆ ಸುಲಭವಲ್ಲ. ರಾತ್ರಿ ಜನ, ಬೆಳಕು ಇರುವ ಬೀದಿಯಲ್ಲೇ ನಡೆಯಿರಿ. ಓಡಾಟ ಅಗ್ಗ. 1835ರಿಂದ ಓಡುತ್ತಿರುವ ಸೇಂಟ್ ಚಾರ್ಲ್ಸ್ ಟ್ರಾಮಿಗೆ 1.25 ಡಾಲರ್, ಕಿಟಕಿ ತೆರೆದು ಕೂತರೆ ಅದೇ ಒಂದು ಪ್ರವಾಸ. ಮಾರ್ಡಿ ಗ್ರಾ ಹಬ್ಬ, ಜಾಝ್ ಫೆಸ್ಟ್ ಅನ್ನುವ ಸಂಗೀತೋತ್ಸವದ ಸಮಯದಲ್ಲಿ ರೂಮಿನ ಬಾಡಿಗೆ ಆಕಾಶಕ್ಕೆ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇಳಿಯುತ್ತದೆ. ಯಾಕೆ ಅಂತ ವಿಮಾನ ನಿಲ್ದಾಣದ ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ ಬೇರೆ. 2005ರ ಆಗಸ್ಟ್ 29ರ ಕತ್ರೀನಾದಲ್ಲಿ ಊರಿನ ನೂರಕ್ಕೆ ಎಂಬತ್ತು ಭಾಗ ಮುಳುಗಿತ್ತು.

ಶಿಕಾಗೊ: ನಮ್ಮವರ ಹೆಜ್ಜೆ ಇರುವ ಊರು

ಶಿಕಾಗೊ ಅಂದರೆ ಕನ್ನಡದ ಮನೆಗಳಲ್ಲಿ ಮೊದಲು ಬರುವ ಹೆಸರು ವಿವೇಕಾನಂದರದ್ದು. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸಂನ್ಯಾಸಿ, 1893ರ ಸೆಪ್ಟೆಂಬರ್ 11ರಂದು ಇಲ್ಲಿನ ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದರು. ಮರುವರ್ಷ ಇಲ್ಲಿಂದಲೇ ಮಹಾರಾಜರಿಗೆ ಕಾಗದ ಬರೆದರು. ಆ ಸಮ್ಮೇಳನ ನಡೆದ ಕಟ್ಟಡವೇ ಇವತ್ತಿನ ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನುವ ಕಲಾ ಮ್ಯೂಸಿಯಂ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದೊಂದಕ್ಕೇ ಈ ಊರನ್ನು ಆರಿಸುವುದೂ ಉಂಟು. ಒಂದು ಮಾತು ಮೊದಲೇ ಹೇಳಿಬಿಡಿ: ಅಂದು ಭಾಷಣ ನಡೆದ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದು, ಈಗಿಲ್ಲ. ನಮ್ಮಮ್ಮ ಹುಡುಕಿ ಹುಡುಕಿ ಬೇಜಾರಾದರು. ಆಮೇಲೆ ಹೊರಗೆ ಮಿಶಿಗನ್ ಅವೆನ್ಯೂನಲ್ಲಿ ಅವರ ಹೆಸರಿನ ರಸ್ತೆ ಫಲಕ ಕಂಡು ಸಮಾಧಾನ ಮಾಡಿಕೊಂಡರು.

ಇನ್ನೊಬ್ಬರು ಎ. ಕೆ. ರಾಮಾನುಜನ್. ಮೈಸೂರಿನ ಹುಡುಗ, ವಚನಗಳನ್ನು ಇಂಗ್ಲಿಷಿಗೆ ತಂದವರು. ಮೂರು ದಶಕ ಪಾಠ ಮಾಡಿದ್ದು ಇಲ್ಲಿನ ಯೂನಿವರ್ಸಿಟಿ ಆಫ್ ಶಿಕಾಗೊದಲ್ಲಿ. ಹೈಡ್ ಪಾರ್ಕ್‌ನ ಆ ಕ್ಯಾಂಪಸ್‌ನಲ್ಲಿ ಸುಮ್ನೆ ಒಂದು ಮಧ್ಯಾಹ್ನ ಅಡ್ಡಾಡಿ. ಪಕ್ಕದಲ್ಲೇ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ರೋಬಿ ಹೌಸ್ ಇದೆ.

ಇವೆರಡು ನಮ್ಮ ಕಾರಣಗಳು. ಊರಿನ ಕಾರಣ ಕೇಳಿದರೆ ಕಟ್ಟಡ ಮತ್ತು ಕೇರಿಗಳು. 1871ರ ಬೆಂಕಿಯಲ್ಲಿ ಊರಿನ ನಡುಭಾಗ ಬೂದಿಯಾದ ಮೇಲೆ ಇಲ್ಲಿ ಹೊಸದಾಗಿ ಕಟ್ಟಲು ಜಾಗವೂ ಇತ್ತು, ಹುಮ್ಮಸ್ಸೂ ಇತ್ತು. ಗಗನಚುಂಬಿಗಳು ಬೆಳೆದದ್ದು ಹಾಗೆ. ನದಿಯ ಮೇಲೆ ಒಂದೂವರೆ ಗಂಟೆಯ ದೋಣಿ ಪ್ರವಾಸ ಇದೆ, ಕಟ್ಟಡಗಳ ಕಥೆ ಹೇಳುತ್ತಾ ಹೋಗುತ್ತಾರೆ. ದುಬಾರಿಯೇ, ಆದರೂ ಮಾಡಿ. ನಡೆಯಲಾಗದವರು ಕೂತಲ್ಲೇ ಊರು ನೋಡಬಹುದು. ಅಂದ ಹಾಗೆ, ಈ ನದಿ ಹಿಂದಕ್ಕೆ ಹರಿಯುತ್ತದೆ. ಊರಿನ ಕೊಳಕು ಕುಡಿಯುವ ನೀರಿನ ಸರೋವರಕ್ಕೆ ಸೇರಬಾರದು ಅಂತ 1900ರಲ್ಲಿ ಕಾಲುವೆ ತೋಡಿ ದಿಕ್ಕನ್ನೇ ತಿರುಗಿಸಿದರು.

ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಿಲ್ಸೆನ್‌ನಲ್ಲಿ. ಮೆಕ್ಸಿಕನ್ನರ ಕೇರಿ, ಗೋಡೆ ತುಂಬಾ ಚಿತ್ರ. ಅಲ್ಲಿನ ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್‌ಗೆ ಪ್ರವೇಶ ಉಚಿತ. ಪ್ರತಿ ಶರತ್ಕಾಲದಲ್ಲಿ 'ಸತ್ತವರ ದಿನ'ದ ಪ್ರದರ್ಶನ ಇಡುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪೀಠ, ಚೆಂಡು ಹೂವಿನ ರಾಶಿ, ನಡುವೆ ಒಂದು ಮುದುಕನ ಫೋಟೋ. ಅವನ ಮುಂದೆ ಒಂದು ಬಾಟಲಿ ಕೋಲಾ, ಎರಡು ಸಿಗರೇಟು, ಬ್ರೆಡ್ಡು, ಒಂದು ಲೋಟ ನೀರು. ಅಮ್ಮ ಬಹಳ ಹೊತ್ತು ನಿಂತರು. "ಮಹಾಲಯ ಅಮಾವಾಸ್ಯೆಗೆ ನಿಮ್ಮ ತಾತನಿಗೆ ನಾವೂ ಬೀಡಿ ಇಡ್ತಿದ್ವಿ" ಅಂದರು. ನನಗೆ ಆ ವಿಷಯ ಅವತ್ತಿನವರೆಗೆ ಗೊತ್ತೇ ಇರಲಿಲ್ಲ.

ಬ್ಲೂಸ್ ಸಂಗೀತವೂ ಇಲ್ಲಿನದೇ ಆಗಿಹೋಗಿದೆ. ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು ಬಂದವರು ಹಳ್ಳಿಯ ಗಿಟಾರಿಗೆ ಕರೆಂಟ್ ಕೊಟ್ಟರು. ಅವರಲ್ಲಿ ಹೆಸರಾದ ಹಾಡುಗಾರ ಮಡ್ಡಿ ವಾಟರ್ಸ್ ಬಂದದ್ದು 1943ರಲ್ಲಿ. ಕ್ಲಬ್‌ಗಳಿಗೆ ಸಾಮಾನ್ಯವಾಗಿ 21 ದಾಟಿರಬೇಕು. ಮಕ್ಕಳಿದ್ದರೆ ಜೂನ್‌ನ ಬ್ಲೂಸ್ ಹಬ್ಬಕ್ಕೆ ಹೋಗಿ, ಅದು ಬಯಲಲ್ಲಿ, ಉಚಿತ.

ಕಾರು ಬೇಡ, ಓ'ಹೇರ್ ನಿಲ್ದಾಣದಿಂದಲೇ ರೈಲಿದೆ. ಊಟಕ್ಕೆ ಡೆವನ್ ಅವೆನ್ಯೂನಲ್ಲಿ ದೋಸೆಯೂ ಉಂಟು. ಆರ್ಟ್ ಇನ್‌ಸ್ಟಿಟ್ಯೂಟ್ ಟಿಕೆಟ್ ಮಾತ್ರ ಕೈ ಸುಡುತ್ತದೆ, ಹೊರಗಿನವರಿಗೆ ತಲೆಗೆ 30 ಡಾಲರ್ ಮೇಲೆ. ಚಳಿಗಾಲದಲ್ಲಿ ಹೋಟೆಲ್ ಅಗ್ಗ, ಆದರೆ ಆ ಗಾಳಿಗೆ ಊರಿಂದ ಬಂದ ಹಿರಿಯರನ್ನು ಒಡ್ಡಬೇಡಿ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಸರಿಯಾದ ಕಾಲ.

ವಾಷಿಂಗ್ಟನ್ ಡಿಸಿ: ಗಾಜಿನ ಹಿಂದೆ, ಆದರೆ ಪುಕ್ಕಟೆ

ನನ್ನ ಅಳತೆಗೋಲಿನಲ್ಲಿ ಇದಕ್ಕೆ ಕಡಿಮೆ ಅಂಕ. ಬೀದಿಯಲ್ಲಿ ಸಿಗುವುದಕ್ಕಿಂತ ಮ್ಯೂಸಿಯಂನಲ್ಲಿ ಸಿಗುವುದೇ ಜಾಸ್ತಿ. ಆದರೆ ಎಂಥ ಮ್ಯೂಸಿಯಂ! ಜೇಮ್ಸ್ ಸ್ಮಿತ್ಸನ್ ಅನ್ನುವ ಇಂಗ್ಲಿಷ್ ವಿಜ್ಞಾನಿ, ಅಮೆರಿಕಕ್ಕೆ ಒಮ್ಮೆಯೂ ಕಾಲಿಡದವನು, ಆಸ್ತಿಯನ್ನೆಲ್ಲ ಈ ದೇಶಕ್ಕೆ ಬರೆದಿಟ್ಟ. ಆ ದುಡ್ಡಿನಲ್ಲಿ 1846ರಲ್ಲಿ ಹುಟ್ಟಿದ ಸ್ಮಿತ್ಸೋನಿಯನ್‌ನ ಅಷ್ಟೂ ಮ್ಯೂಸಿಯಂಗಳಿಗೆ ಈ ಊರಲ್ಲಿ ಟಿಕೆಟ್ ದುಡ್ಡಿಲ್ಲ. ನಾಲ್ಕು ಜನರ ಸಂಸಾರಕ್ಕೆ ಇದು ಸಣ್ಣ ಉಳಿತಾಯವಲ್ಲ. ಮಕ್ಕಳು ಅರ್ಧ ಗಂಟೆಗೆ ಬೇಜಾರು ಮಾಡಿಕೊಂಡರೂ ದುಡ್ಡು ಹೋಯಿತು ಅನ್ನಿಸುವುದಿಲ್ಲ.

ಒಂದೇ ನೋಡುವುದಾದರೆ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಂ ನೋಡಿ. ಲಿಫ್ಟಿನಲ್ಲಿ ನೆಲದಡಿಗೆ ಇಳಿಸುತ್ತಾರೆ. ಕತ್ತಲು, ತಗ್ಗು ಸೂರು, ಗುಲಾಮರ ಹಡಗಿನ ಕಾಲ. ಅಲ್ಲಿಂದ ಇಳಿಜಾರಿನಲ್ಲಿ ಏರುತ್ತಾ ಏರುತ್ತಾ ಇವತ್ತಿಗೆ ಬರುತ್ತೀರಿ. ಅರ್ಧ ದಿನ ಬೇಕು. ಉಚಿತವಾದರೂ ಸಮಯ ಗೊತ್ತುಮಾಡಿದ ಪಾಸ್ ಮುಂಚೆಯೇ ತೆಗೆಯಬೇಕು. ಏಷ್ಯನ್ ಕಲೆಯ ಮ್ಯೂಸಿಯಂನಲ್ಲಿ ಚೋಳರ ಕಂಚಿನ ವಿಗ್ರಹಗಳಿವೆ, ನೋಡಿ ಕೈಮುಗಿಯಬೇಕೋ ಬೇಡವೋ ಅಂತ ಅಮ್ಮ ಗೊಂದಲಕ್ಕೆ ಬಿದ್ದರು.

ಜೂನ್ ಕೊನೆ, ಜುಲೈ ಮೊದಲ ವಾರದ ಜಾನಪದ ಹಬ್ಬಕ್ಕೆ ಹೋದರೆ ಈ ಊರಿನ ಕೊರತೆ ತಕ್ಕಮಟ್ಟಿಗೆ ತುಂಬುತ್ತದೆ. 1967ರಿಂದ ನಡೆಯುತ್ತಿದೆ, ಅದೂ ಉಚಿತ. ಸಸ್ಯಾಹಾರಿಗಳಿಗೆ ಇಥಿಯೋಪಿಯಾದವರ ಹೋಟೆಲ್‌ಗಳಿವೆ. ಇಂಜೆರಾ ಅಂದರೆ ಹುಳಿ ಬಂದ ಹಿಟ್ಟಿನ ದೊಡ್ಡ ದೋಸೆ, ಮೇಲೆ ಬೇಳೆ, ಎಲೆಕೋಸು, ಸೊಪ್ಪು. ಕೈಯಲ್ಲೇ ತಿನ್ನುವುದು. ಅಪ್ಪ ಪೂರ್ತಿ ಖುಷಿಯಾಗಿದ್ದ ಊಟ ಅದೊಂದೇ.

ರೂಮು ದುಬಾರಿ, ಅದರಲ್ಲೂ ಚೆರ್ರಿ ಹೂವಿನ ಸಮಯದಲ್ಲಿ. ಮೆಟ್ರೋ ಹತ್ತಿರ ವರ್ಜೀನಿಯಾ ಕಡೆ ಉಳಿದುಕೊಳ್ಳಿ. ಇನ್ನೊಂದು ಅಪಾಯ, ಸರ್ಕಾರದ ಬಜೆಟ್ ಜಗಳ. ಅದು ಎಳೆದಾಡಿದರೆ ಈ ಮ್ಯೂಸಿಯಂಗಳಿಗೆ ಬೀಗ ಬೀಳುತ್ತದೆ. 2019ರ ಜನವರಿಯಲ್ಲಿ ಹಾಗಾಯಿತು, 2025ರ ಅಕ್ಟೋಬರ್‌ನಲ್ಲೂ ಆಯಿತು. ಹೊರಡುವ ಮುಂಚೆ ಪೇಪರ್ ಓದಿ.

ಸಾಂಟಾ ಫೆ: ಮಣ್ಣಿನ ಊರು, ಬೆಳ್ಳಿಯ ಬೆಲೆ

ನ್ಯೂ ಮೆಕ್ಸಿಕೊ ರಾಜ್ಯದ, ನಮ್ಮವರು ತೀರಾ ಕಡಿಮೆ ಹೋಗುವ ಊರು. 1610ರಲ್ಲಿ ಸ್ಪೇನ್‌ನವರು ಕಟ್ಟಿದ್ದು. 1680ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ದಂಗೆ ಎದ್ದು ಅವರನ್ನು ಓಡಿಸಿ, ಹನ್ನೆರಡು ವರ್ಷ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮನೆಗಳೆಲ್ಲ ಹುಲ್ಲು ಬೆರೆಸಿದ ಮಣ್ಣಿನ ಬಣ್ಣ. ಬಯಲುಸೀಮೆಯ ಮಾಳಿಗೆ ಮನೆ ನೋಡಿದವರಿಗೆ ಗುರುತು ಸಿಗುತ್ತದೆ. ಆದರೆ ಹೊಸ ಕಟ್ಟಡಗಳೂ ಹೀಗೇ ಕಾಣಬೇಕು ಅಂತ 1957ರಿಂದ ಕಾನೂನಿದೆ. ಎಷ್ಟೋ ಗೋಡೆಗಳಲ್ಲಿ ಮಣ್ಣಿಲ್ಲ, ಸಿಮೆಂಟಿಗೆ ಮಣ್ಣಿನ ಬಣ್ಣ. ಬದುಕು ಎಲ್ಲಿ ಮುಗಿದು ಅಂಗಡಿ ಎಲ್ಲಿ ಶುರುವಾಗುತ್ತದೆ ಅಂತ ಹೇಳುವುದು ಇಲ್ಲಿ ಕಷ್ಟ.

ಹಳೆಯ ಗವರ್ನರ್ ಅರಮನೆಯ ಜಗಲಿಯಲ್ಲಿ ಮೂಲನಿವಾಸಿಗಳು ಕಂಬಳಿ ಹಾಸಿ ಬೆಳ್ಳಿ, ನೀಲಿ ಕಲ್ಲಿನ ಒಡವೆ ಮಾರುತ್ತಾರೆ. ಬೆಳಗ್ಗೆ ಚೀಟಿ ಎತ್ತಿ ಜಾಗ ಹಂಚಿಕೊಳ್ಳುತ್ತಾರೆ. ಮಾರುವವರು ತಾವೋ ತಮ್ಮ ಮನೆಯವರೋ ಮಾಡಿದ್ದನ್ನೇ ತರಬೇಕು, ಅದಕ್ಕೆ ಗುರುತಿನ ಮುದ್ರೆ ಇರುತ್ತದೆ. ಒಬ್ಬಳು ನನಗೆ ಬಳೆಯ ಒಳಮೈ ತಿರುಗಿಸಿ ಆ ಮುದ್ರೆ ತೋರಿಸಿದಳು, ಹೊರಗಿನ ಹೊಳಪಿಗಿಂತ ಮೊದಲು. ಅಗ್ಗವಲ್ಲ. ಚೌಕಾಸಿ ಮಾಡಬೇಡಿ, ಮನಸ್ಸಿಗೆ ಬಂದರೆ ತಗೊಳ್ಳಿ.

ಸೆಪ್ಟೆಂಬರ್ ಹಬ್ಬದ ಮೊದಲು ಝೋಝೋಬ್ರಾ ಅನ್ನುವ ಐವತ್ತು ಅಡಿ ಬೊಂಬೆ ಸುಡುತ್ತಾರೆ, 1924ರಿಂದ. ವರ್ಷದ ದುಃಖವನ್ನೆಲ್ಲ ಕಾಗದದಲ್ಲಿ ಬರೆದು ಅದರೊಳಗೆ ತುಂಬುತ್ತಾರೆ. ಕಾಮದಹನ ನೆನಪಾಗದೆ ಇರದು. ನೂರಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿ ಟಾವೋಸ್ ಪ್ಯೂಬ್ಲೋ ಅನ್ನುವ ಅವರ ಹಳೆಯ ಹಳ್ಳಿ ಇದೆ. ಅಲ್ಲಿ ಈಗಲೂ ಜನ ವಾಸ ಮಾಡುತ್ತಾರೆ, ಹಳೆಯ ಗೋಡೆಯೊಳಗೆ ಕರೆಂಟಿಲ್ಲ, ನಲ್ಲಿಯಿಲ್ಲ. ಅವರ ಪೂಜೆಯ ದಿನಗಳಲ್ಲಿ ಹೊರಗಿನವರಿಗೆ ಬಾಗಿಲು ಹಾಕುತ್ತಾರೆ. ನಾವಿಲ್ಲದೆಯೂ ನಡೆಯುವ ಬದುಕು ಅಂದರೆ ಇದೇ.

ಮೆಣಸಿನಕಾಯಿ ಪ್ರಿಯರಿಗೆ ಬೇರೆ ಊರು ಬೇಡ. ಕೆಂಪೋ ಹಸಿರೋ ಅಂತ ಕೇಳುತ್ತಾರೆ, 'ಕ್ರಿಸ್ಮಸ್' ಅಂದರೆ ಎರಡೂ ಹಾಕುತ್ತಾರೆ. ಆದರೆ ಊರು 7,000 ಅಡಿ ಎತ್ತರದಲ್ಲಿದೆ. ಹೃದಯದ, ಉಸಿರಾಟದ ತೊಂದರೆ ಇರುವ ಹಿರಿಯರಿದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ. ಕಾರಿಲ್ಲದಿದ್ದರೆ ಊರೊಳಗೇ ಉಳಿಯುತ್ತೀರಿ. ಆಲ್ಬುಕರ್ಕಿಯಿಂದ ರೈಲು ಇದೆ, ಅಷ್ಟೇ. ನಾಲ್ಕರಲ್ಲಿ ನನಗೆ ತಲೆಗೆ ಹೆಚ್ಚು ಖರ್ಚಾದದ್ದು ಇಲ್ಲೇ.

ಹಾಗಾದರೆ ಯಾರಿಗೆ ಯಾವುದು?

ಪುಟ್ಟ ಮಕ್ಕಳು, ಬಿಗಿ ಬಜೆಟ್ ಅಂದರೆ ಎರಡು ಮಾತಿಲ್ಲ, ವಾಷಿಂಗ್ಟನ್. ಹಿರಿಯರು ಜೊತೆಗಿದ್ದು, ಊಟದ ಕಟ್ಟುನಿಟ್ಟೂ ಇದ್ದರೆ ಶಿಕಾಗೊ. ರೈಲಿದೆ, ದೋಣಿಯಿದೆ, ದೋಸೆಯಿದೆ, ಅವರಿಗೆ ಮನೆಯಲ್ಲಿ ಹೇಳಿಕೊಳ್ಳಲು ವಿವೇಕಾನಂದರಿದ್ದಾರೆ. ಗಂಡ ಹೆಂಡತಿ ಇಬ್ಬರೇ, ಕಾರು ಓಡಿಸಲು ಇಷ್ಟ, ಜನಜಂಗುಳಿ ಬೇಡ ಅಂದರೆ ಸಾಂಟಾ ಫೆ. ಶಿಕಾಗೊ, ಡಿಸಿ ಎರಡೂ ಆಗಿದ್ದು, ಊಟದಲ್ಲಿ ಸ್ವಲ್ಪ ಹೊಂದಿಕೊಳ್ಳುತ್ತೀರಿ ಅಂದರೆ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಟಿಕೆಟ್ ತೆಗೆಯುವಾಗ ನಡುವೆ ಒಂದು ಭಾನುವಾರ ಇರುವ ಹಾಗೆ ನೋಡಿಕೊಳ್ಳಿ.

ಅಪ್ಪ ಮತ್ತೆ ಬರುತ್ತಿದ್ದಾರೆ. ಈ ಸಲ ಎಲ್ಲಿಗೆ ಅಂತ ಫೋನಿನಲ್ಲಿ ಕೇಳಿದೆ. "ಆ ಕಾಫಿ ಊರಿಗೇ ಹೋಗೋಣ, ಸೆಪ್ಟೆಂಬರ್‌ಗೆ ಬರ್ತೀನಿ" ಅಂದರು. ಸೆಪ್ಟೆಂಬರ್ ಅಂದರೆ ಚಂಡಮಾರುತದ ನಡುಗಾಲ. ಬರುವುದನ್ನು ನವೆಂಬರ್ ಕೊನೆಗೆ ತಳ್ಳಿ ಅಂತ ಇನ್ನೂ ಒಪ್ಪಿಸುತ್ತಿದ್ದೇನೆ.